ವಾರ್ಡಿನಷ್ಟು ದೇಶ, ಸದಸ್ಯರಿಲ್ಲದ ಪಾಲಿಕೆ

ಪೆಸಿಫಿಕ್ ಸಾಗರದ ನಡುವೆ, ಭೂಮಧ್ಯರೇಖೆಗೆ ತಾಗಿದಂತೆ ನೌರು ಎಂಬ ದೇಶವಿದೆ. ವಿಸ್ತೀರ್ಣ 21 ಚದರ ಕಿಲೋಮೀಟರ್, ಜನಸಂಖ್ಯೆ ಹನ್ನೆರಡು ಸಾವಿರದ ಆಸುಪಾಸು. ಅಲ್ಲಿಂದ ಆಗ್ನೇಯಕ್ಕೆ ಹೋದರೆ ತುವಾಲು: ಒಂಬತ್ತು ದ್ವೀಪ, 26 ಚದರ ಕಿಲೋಮೀಟರ್, ಸುಮಾರು ಹನ್ನೊಂದು ಸಾವಿರ ಮಂದಿ. ಎರಡಕ್ಕೂ ಸಂವಿಧಾನವುಂಟು, ಸಂಸತ್ತುಂಟು. ನೌರು 1999ರಲ್ಲಿ, ತುವಾಲು 2000ದಲ್ಲಿ ವಿಶ್ವಸಂಸ್ಥೆಯ ಸದಸ್ಯತ್ವ ಪಡೆದವು. ಅಲ್ಲಿನ ಮಹಾಸಭೆಯಲ್ಲಿ ಅವುಗಳ ಮತಕ್ಕೂ ಭಾರತದ ಮತಕ್ಕೂ ಒಂದೇ ಬೆಲೆ.

ಈಗ ನಮ್ಮೂರಿನ ಲೆಕ್ಕ. 2011ರ ಜನಗಣತಿಯಂತೆ ಶಿವಮೊಗ್ಗ ನಗರದ ಜನಸಂಖ್ಯೆ 3.22 ಲಕ್ಷ. ಮಹಾನಗರ ಪಾಲಿಕೆಗೆ 35 ವಾರ್ಡು. ಭಾಗಿಸಿದರೆ ವಾರ್ಡೊಂದಕ್ಕೆ ಒಂಬತ್ತು ಸಾವಿರ ಚಿಲ್ಲರೆ. ಜನಗಣತಿ ಮುಗಿದ ಮೇಲೆ ಊರು ಎಷ್ಟು ಹಬ್ಬಿದೆಯೆಂಬುದು ಊರಿನವರಿಗೆಲ್ಲ ಗೊತ್ತು. ಅಂದಮೇಲೆ ಶಿವಮೊಗ್ಗದ ಒಂದು ವಾರ್ಡು ಹೆಚ್ಚುಕಡಿಮೆ ಒಂದು ತುವಾಲು. ತುವಾಲುವಿನ ಹನ್ನೊಂದು ಸಾವಿರ ಜನರಿಗೆ ಸಂಸತ್ತಿನಲ್ಲಿ 16 ಪ್ರತಿನಿಧಿಗಳಿದ್ದಾರೆ. ಶಿವಮೊಗ್ಗದ ಮೂರು ಲಕ್ಷಕ್ಕೂ ಮಿಕ್ಕ ಜನರಿಗೆ ಪಾಲಿಕೆಯಲ್ಲಿ 35 ಮಂದಿ ಇರಬೇಕು. 2018ರಲ್ಲಿ ಆರಿಸಿ ಬಂದವರ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು. 2024 ಇಡೀ ಕಳೆಯಿತು, 2025 ಬಂತು, ಚುನಾವಣೆ ಬರಲಿಲ್ಲ. ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು.

ದೊಡ್ಡ ರಾಜಕೀಯ ಪರಂಪರೆಯ ಈ ಸೀಮೆಗೆ ಇದು ಒಪ್ಪುವ ಮಾತಲ್ಲ. ಸಣ್ಣ ಊರೊಂದು ತನ್ನನ್ನು ತಾನು ಆಳಿಕೊಳ್ಳುವುದು ಎಂದರೇನು, ಅದಕ್ಕೆ ಏನೇನು ಬೇಕು ಎಂಬ ಪ್ರಶ್ನೆಯನ್ನು ತುಂಗೆ ಮತ್ತು ಭದ್ರೆಯ ದಡದ ಶಿವಮೊಗ್ಗ, ಭದ್ರಾವತಿ ಎಂಬ ಎರಡು ಪಟ್ಟಣಗಳನ್ನು ಇಟ್ಟುಕೊಂಡು ನೋಡುವುದು ಈ ಬರಹದ ಕೆಲಸ. ದೂರದ ಎರಡು ದ್ವೀಪದೇಶಗಳು ಪಕ್ಕದಲ್ಲಿರಲಿ, ಆಗಾಗ ಕೆಲಸಕ್ಕೆ ಬರುತ್ತವೆ.

ಮಲೆನಾಡಿನ ರಾಜಕೀಯವೆಲ್ಲ ಕಂದಾಯದಿಂದ ಹುಟ್ಟಿದ್ದು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಗದ್ದೆಗಳನ್ನು ಮಣ್ಣಿನ ಗುಣ ನೋಡಿ ವರ್ಗ ಮಾಡಿಸಿ, ಬೆಳೆಯ ಸರಾಸರಿ ತೆಗೆಸಿ, ಅದರ ಮೂರನೆಯ ಒಂದು ಪಾಲನ್ನು ಕಂದಾಯವೆಂದು ಗೊತ್ತುಮಾಡಿದ. ಜನ ಅದನ್ನು ‘ಶಿಸ್ತು’ ಎಂದು ಕರೆದರು, ಆ ಹೆಸರೇ ನಿಂತಿತು. ಅವನ ಹೆಸರಿನ ಅರಮನೆ ಇವತ್ತಿಗೂ ಶಿವಮೊಗ್ಗದಲ್ಲಿ ತುಂಗೆಯ ಪಕ್ಕದಲ್ಲಿದೆ. ಅರಸೊತ್ತಿಗೆಯ ಆ ಕಾಲದಲ್ಲೂ ಒಂದು ವಿಷಯ ಸ್ಪಷ್ಟವಿತ್ತು: ಎಷ್ಟು ಕೊಡಬೇಕು, ಯಾಕೆ ಅಷ್ಟು ಎಂಬುದು ಕೊಡುವವನಿಗೆ ತಿಳಿದಿರಬೇಕು.

ಮೂರು ಶತಮಾನ ದಾಟಿ 1942ಕ್ಕೆ ಬಂದರೆ ಶಿಕಾರಿಪುರ ತಾಲ್ಲೂಕಿನ ಈಸೂರು. ಕ್ವಿಟ್ ಇಂಡಿಯಾ ಚಳವಳಿಯ ದಿನಗಳಲ್ಲಿ ಈ ಹಳ್ಳಿ ಕಂದಾಯ ಕೊಡುವುದಿಲ್ಲವೆಂದಿತು, ತಾನು ಸ್ವತಂತ್ರವೆಂದು ಸಾರಿತು. ವೀರಭದ್ರೇಶ್ವರ ದೇವಸ್ಥಾನದ ಮೇಲೆ ಧ್ವಜ ಏರಿತು. ಹಳ್ಳಿಯವರ ಒಪ್ಪಿಗೆ ಇಲ್ಲದೆ ಸರ್ಕಾರಿ ಅಧಿಕಾರಿಗಳು ಒಳಗೆ ಬರಕೂಡದೆಂದು ಊರ ಬಾಗಿಲಲ್ಲಿ ಫಲಕ ಬಿತ್ತು. ಅಲ್ಲಿನ ಜನ ಕಟ್ಟಿಕೊಂಡ ಸರ್ಕಾರದಲ್ಲಿ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಕವಾದವರು ಇಬ್ಬರು ಹುಡುಗರು. ಮಕ್ಕಳನ್ನು ಯಾಕೆ ಕೂರಿಸಿದರು ಎಂದು ಯೋಚಿಸಿದರೆ ಆ ಹಳ್ಳಿಯ ಬುದ್ಧಿವಂತಿಕೆ ಕಾಣುತ್ತದೆ. ದೊಡ್ಡವರನ್ನು ನೇಮಿಸಿದರೆ ಮೈಸೂರು ಸರ್ಕಾರ ಹಿಡಿದು ಜೈಲಿಗೆ ಹಾಕುತ್ತದೆ. ಹುಡುಗರನ್ನು ಏನು ಮಾಡೀತು? ಅಧಿಕಾರವೆಂಬುದು ಕುರ್ಚಿಯ ಮೇಲೆ ಕೂತವನದಲ್ಲ, ಕೂರಿಸಿದವರದು ಎಂಬುದೂ ಆ ನೇಮಕದಲ್ಲಿ ಇತ್ತು.

ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ನಿಜವಾದ ಅಮಲ್ದಾರರು, ಸಬ್ ಇನ್‌ಸ್ಪೆಕ್ಟರರು ಪೊಲೀಸರೊಂದಿಗೆ ಬಂದರು. ಘರ್ಷಣೆಯಾಯಿತು, ಗುಂಡು ಹಾರಿತು, ಅಧಿಕಾರಿಗಳಿಬ್ಬರೂ ಸತ್ತರು. ಪಡೆಗಳು ಹಳ್ಳಿಗೆ ನುಗ್ಗಿದವು. ಜನ ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಐದು ಮಂದಿಯನ್ನು ಗಲ್ಲಿಗೇರಿಸಲಾಯಿತು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಘೋಷಣೆ ನಾಡಿನ ಬಾಯಿಮಾತಾಯಿತು. ಕೆಲವೇ ದಿನ ಬಾಳಿದ ಆ ಸರ್ಕಾರ ಯಾವ ಭೂಪಟದಲ್ಲೂ ದೇಶವಾಗಿ ಸೇರಲಿಲ್ಲ. ಆದರೆ ಹಳ್ಳಿಯೊಂದು ನಾನೇ ನನ್ನ ಯಜಮಾನ ಎಂದು ಹೇಳಿ, ಅದಕ್ಕೆ ಪೂರ್ತಿ ಬೆಲೆ ತೆತ್ತ ಉದಾಹರಣೆ ಕನ್ನಡ ನಾಡಿನಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣದು.

ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷಕ್ಕೆ, 1951ರ ಏಪ್ರಿಲ್‌ನಲ್ಲಿ, ಸಾಗರ ತಾಲ್ಲೂಕಿನ ಕಾಗೋಡು ಎದ್ದು ನಿಂತಿತು. ಅಲ್ಲಿನ ಜಗಳದ ಕೇಂದ್ರದಲ್ಲಿದ್ದುದು ಒಂದು ಕೊಳಗ. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಾಗಿತ್ತು. ಕೊಡುವವರು ದೀವರು, ಅಳೆದುಕೊಳ್ಳುವವರು ಒಡೆಯರು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಹೋರಾಟವನ್ನು ಸಮಾಜವಾದಿಗಳು ಕೈಗೆತ್ತಿಕೊಂಡರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಶಾಸನಸಭೆಗೆ ಹೋದರು. ಕೈಯಲ್ಲಿ ಕಾಸಿಲ್ಲದ ಮನುಷ್ಯ ಸದನದಲ್ಲಿ ನಿಂತು ಸರ್ಕಾರವನ್ನು ಮಾತಿನಿಂದಲೇ ನಡುಗಿಸಬಹುದು ಎಂಬುದನ್ನು ಕರ್ನಾಟಕಕ್ಕೆ ತೋರಿಸಿದವರು ಅವರು. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ಹಿಂದೆ ಇರುವುದು ಅವರದೇ ಬದುಕು. ಶಿವಮೊಗ್ಗದಲ್ಲಿ ಅವರ ಹೆಸರಿನ ಬಡಾವಣೆಯಿದೆ. ಅಲ್ಲಿ ಬೆಳೆದ ಎಷ್ಟು ಮಕ್ಕಳಿಗೆ ಆ ಹೆಸರಿನ ಕಥೆ ಗೊತ್ತೋ, ಮನೆಯವರು ಹೇಳಿಕೊಡಬೇಕು.

ಅಲ್ಲಿಂದ ಮುಂದಿನದು ಎಲ್ಲರೂ ಬಲ್ಲ ಕಥೆ, ಬೇಗ ದಾಟುತ್ತೇನೆ. ತೀರ್ಥಹಳ್ಳಿಯ ಕಡಿದಾಳು ಮಂಜಪ್ಪ, ಸೊರಬದ ಎಸ್. ಬಂಗಾರಪ್ಪ, ಅಂದು ಈ ಜಿಲ್ಲೆಯಲ್ಲೇ ಇದ್ದ ಚನ್ನಗಿರಿಯ ಜೆ.ಎಚ್. ಪಟೇಲ್, ಶಿಕಾರಿಪುರದಿಂದ ಗೆದ್ದು ಬಂದ ಬಿ.ಎಸ್. ಯಡಿಯೂರಪ್ಪ: ಒಂದೇ ಜಿಲ್ಲೆಯ ನೆಲದಿಂದ ನಾಲ್ವರು ಮುಖ್ಯಮಂತ್ರಿಗಳು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದ ಪಟೇಲರು ಅಲ್ಲಿ ಕನ್ನಡದಲ್ಲಿ ಮಾತನಾಡಿ ದಾರಿ ತೆರೆದರು. ಬಂಗಾರಪ್ಪನವರು 1996, 1999, 2004 ಮತ್ತು 2005ರ ಉಪಚುನಾವಣೆಯಲ್ಲಿ ಇದೇ ಕ್ಷೇತ್ರದಿಂದ ಗೆದ್ದರು, ನಾಲ್ಕು ಸಲವೂ ಬೇರೆ ಬೇರೆ ಪಕ್ಷದಿಂದ. ಜನ ಮತ ಹಾಕಿದ್ದು ಚಿಹ್ನೆಗಲ್ಲ, ಬಂಗಾರಪ್ಪನವರಿಗೆ.

ಈ ವ್ಯಕ್ತಿನಿಷ್ಠೆಯನ್ನು ಹಿಂದುಳಿದ ರಾಜಕೀಯವೆಂದು ತಳ್ಳಿಹಾಕುವವರಿದ್ದಾರೆ. ನಾನು ಅಷ್ಟು ಬೇಗ ತಳ್ಳಲಾರೆ. ನೌರುವಿನಲ್ಲೂ ತುವಾಲುವಿನಲ್ಲೂ ಪಕ್ಷಗಳೆಂಬುದು ಹೆಸರಿಗಷ್ಟೇ ಅಥವಾ ಇಲ್ಲವೇ ಇಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಚಿಹ್ನೆ ನೋಡಿ ಮತ ಹಾಕುವ ಅಗತ್ಯ ಬೀಳುವುದಿಲ್ಲ. ಅಭ್ಯರ್ಥಿಯ ಮನೆ ಯಾವುದು, ಸಾವಿಗೆ ಬರುತ್ತಾನೋ ಇಲ್ಲವೋ, ಕೊಟ್ಟ ಮಾತು ಉಳಿಸಿಕೊಂಡಿದ್ದಾನೋ ಇಲ್ಲವೋ ಎಂಬುದು ನೇರವಾಗಿ ಗೊತ್ತಿರುತ್ತದೆ. ನೌರುವಿನ ಮತದಾರ ಒಬ್ಬನಿಗೆ ಮತ ಹಾಕಿ ಬರುವುದಿಲ್ಲ, ಕ್ಷೇತ್ರದ ಎಲ್ಲ ಅಭ್ಯರ್ಥಿಗಳನ್ನೂ ತನ್ನ ಮೆಚ್ಚುಗೆಯ ಕ್ರಮದಲ್ಲಿ ಬರೆದು ಬರುತ್ತಾನೆ. ಮೊದಲನೆಯವನಿಗೆ ಒಂದು ಪೂರ್ತಿ ಮತ, ಎರಡನೆಯವನಿಗೆ ಅರ್ಧ, ಮೂರನೆಯವನಿಗೆ ಮೂರನೆಯ ಒಂದು ಪಾಲು, ಹೀಗೆ. ನೆರೆಮನೆಯವನನ್ನು ಪೂರ್ತಿ ಬಿಟ್ಟುಕೊಡದೆ, ದಾಯಾದಿಯನ್ನೂ ಮುನಿಸದೆ ಮತ ಹಾಕುವ ಪದ್ಧತಿ ಅದು.

ಭದ್ರಾವತಿಯ ಚುನಾವಣೆಗಳನ್ನು ಬಲ್ಲವರಿಗೆ ಇದು ಹೊಸದೆನಿಸದು. 1994ರಿಂದ 2018ರವರೆಗೆ ಆ ಕ್ಷೇತ್ರದ ಸ್ಪರ್ಧೆ ಇಬ್ಬರ ನಡುವೆ ಇತ್ತು: ಎಂ.ಜೆ. ಅಪ್ಪಾಜಿ ಮತ್ತು ಬಿ.ಕೆ. ಸಂಗಮೇಶ್ವರ. ಅಪ್ಪಾಜಿಯವರು 1994 ಮತ್ತು 1999ರಲ್ಲಿ ಪಕ್ಷೇತರರಾಗಿ ಗೆದ್ದರು, 2013ರಲ್ಲಿ ಜೆಡಿಎಸ್‌ನಿಂದ. ಸಂಗಮೇಶ್ವರ 2004ರಲ್ಲಿ ಪಕ್ಷೇತರರಾಗಿ, 2008, 2018 ಮತ್ತು 2023ರಲ್ಲಿ ಕಾಂಗ್ರೆಸ್‌ನಿಂದ. ಅಪ್ಪಾಜಿ 2020ರಲ್ಲಿ ತೀರಿಕೊಂಡರು. 2023ರಲ್ಲಿ ಅವರ ಪತ್ನಿ ಶಾರದಾ ಕಣದಲ್ಲಿದ್ದು ಅಲ್ಪ ಅಂತರದಲ್ಲಿ ಸೋತರು. ಹದಿನೆಂಟು ಇಪ್ಪತ್ತು ಕಿಲೋಮೀಟರ್ ಆಚೆಗಿನ ಶಿವಮೊಗ್ಗ ನಗರ 1989ರಿಂದ ಕೆ.ಎಸ್. ಈಶ್ವರಪ್ಪನವರನ್ನು ಐದು ಸಲ ಆರಿಸಿ ಬಿಜೆಪಿಯ ಕೋಟೆಯೆನಿಸಿದರೆ, ಭದ್ರಾವತಿಯಲ್ಲಿ ಆ ಪಕ್ಷ ಒಮ್ಮೆಯೂ ಗೆದ್ದಿಲ್ಲ. ಒಂದೇ ಜಿಲ್ಲೆ, ಒಂದೇ ಬಸ್ಸಿನ ದಾರಿ, ಎರಡು ಬೇರೆ ರಾಜಕೀಯ.

ಯಾಕೆ ಹೀಗೆ ಎಂದು ಕೇಳಿದರೆ ಉತ್ತರ ಕಾರ್ಖಾನೆಯಲ್ಲಿದೆ. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ 1923ರ ಜನವರಿ 18ರಂದು ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿತು. ಕಾಡಿನ ಕಟ್ಟಿಗೆ ಸುಟ್ಟ ಇದ್ದಿಲು, ಕೆಮ್ಮಣ್ಣುಗುಂಡಿಯ ಅದಿರು, ಭದ್ರೆಯ ನೀರು. ನಷ್ಟದಲ್ಲಿದ್ದ ಅದನ್ನು ಮೇಲೆತ್ತಿ ನಿಲ್ಲಿಸಿದವರು ಅಧ್ಯಕ್ಷರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯ. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ, ಊರವರ ಬಾಯಲ್ಲಿ ಎಂಪಿಎಂ, ಸ್ಥಾಪನೆಯಾಯಿತು. ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮನೆಮಾತಿನವರು, ಬಯಲುಸೀಮೆಯವರು ಕೆಲಸ ಹುಡುಕಿ ಬಂದು ಇಲ್ಲೇ ಉಳಿದರು. ನ್ಯೂಟೌನ್, ಪೇಪರ್ ಟೌನ್, ಜನ್ನಾಪುರ ಎಂಬ ಹೆಸರುಗಳೆಲ್ಲ ಕಾರ್ಖಾನೆಯ ಬೇಲಿಯಿಂದ ಎಷ್ಟು ದೂರ ಎಂದು ಅಳೆಯುವ ಹೆಸರುಗಳಂತೆ ಬಳಕೆಯಲ್ಲಿದ್ದವು.

ಆ ಊರಿನ ಗಡಿಯಾರ ಕಾರ್ಖಾನೆಯ ಸೈರನ್. ಅದು ಕೂಗಿದರೆ ಅನ್ನಕ್ಕೆ ಇಡುವ ಹೊತ್ತು, ಅದು ಕೂಗಿದರೆ ಮಕ್ಕಳು ಶಾಲೆಗೆ ಹೊರಡುವ ಹೊತ್ತು. ಪಾಳಿ ಬಿಟ್ಟ ಹೊತ್ತಿಗೆ ಗೇಟಿನಿಂದ ಸೈಕಲ್ಲುಗಳ ಸಾಲು ಹೊಳೆಯಂತೆ ಹರಿಯುತ್ತಿತ್ತು. ಬಟವಾಡೆ ದಿನ ಸಂತೆಗಿಂತ ಹೆಚ್ಚು ವ್ಯಾಪಾರ. ಮನೆ ಕೊಟ್ಟಿದ್ದು ಕಾರ್ಖಾನೆ, ನಲ್ಲಿ ನೀರು ಬಿಟ್ಟಿದ್ದು ಕಾರ್ಖಾನೆ, ಶಾಲೆ ಆಸ್ಪತ್ರೆ ನಡೆಸಿದ್ದು ಕಾರ್ಖಾನೆ. ಬೇರೆ ಊರಿನಲ್ಲಿ ಪುರಸಭೆ ಮಾಡುವ ಕೆಲಸವನ್ನೆಲ್ಲ ಇಲ್ಲಿ ವ್ಯವಸ್ಥಾಪಕರ ಕಚೇರಿ ಮಾಡುತ್ತಿತ್ತು. ಆದ್ದರಿಂದ ಕಾರ್ಮಿಕ ಸಂಘದ ಚುನಾವಣೆ ಇಲ್ಲಿ ನಗರಸಭೆ ಚುನಾವಣೆಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೇ, ಕಾವು ಪಡೆಯುತ್ತಿತ್ತು. ಜಾತಿ, ಭಾಷೆ, ಧರ್ಮ ಮೂರೂ ಒಂದೇ ಪಾಳಿಯಲ್ಲಿ ಬೆವರು ಸುರಿಸಿದ ಊರು ತನ್ನ ನಾಯಕನನ್ನು ಆರಿಸುವಾಗ ಕಷ್ಟಕ್ಕೆ ಯಾರು ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ ಎಂದು ನೋಡಿತು. ಅದೇ ಊರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಆಕಸ್ಮಿಕವಲ್ಲ. ಸಂಘ ಕಟ್ಟುವ ವಿದ್ಯೆ ಆ ಊರಿನ ಗಾಳಿಯಲ್ಲೇ ಇತ್ತು.

ಆದರೆ ಇಷ್ಟೆಲ್ಲ ಕಟ್ಟಿದ ಊರಿಗೆ ತನ್ನ ಜೀವನಾಧಾರದ ಮೇಲೆ ಹಿಡಿತ ಇರಲಿಲ್ಲ. ಕಬ್ಬಿಣದ ಕಾರ್ಖಾನೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತು ವಿಐಎಸ್‌ಎಲ್ ಆಯಿತು, 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರವಾದ ಸೈಲ್‌ನ ಅಧೀನಕ್ಕೆ ಹೋಯಿತು, 1998ರಲ್ಲಿ ಅದರೊಳಗೆ ವಿಲೀನವಾಯಿತು. ಕೆಮ್ಮಣ್ಣುಗುಂಡಿಯ ಗಣಿ ನಿಂತ ಮೇಲೆ ಅದಿರನ್ನು ಹೊರಗಿನಿಂದ ಕೊಂಡು ತರಬೇಕಾಯಿತು. 2016ರಲ್ಲಿ ಕೇಂದ್ರ ಅದನ್ನು ಮಾರಲು ನಿರ್ಧರಿಸಿತು, ಕೊಳ್ಳುವವರು ಸಿಗದೆ 2022ರಲ್ಲಿ ಆ ಪ್ರಕ್ರಿಯೆ ಕೈಬಿಟ್ಟಿತು. 2023ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ವರ್ಷ ತುಂಬಿದ ತಿಂಗಳಲ್ಲೇ, ಸೈಲ್ ಆಡಳಿತ ಮಂಡಳಿ ಮುಚ್ಚುವ ತೀರ್ಮಾನ ಮಾಡಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಅದೇ ವರ್ಷದ ಆಗಸ್ಟಿನಲ್ಲಿ ಒಂದು ವಿಭಾಗ ಮತ್ತೆ ತಿರುಗಿತು. ಇನ್ನೊಂದು ಕಡೆ ಎಂಪಿಎಂ 1977ರಿಂದ ರಾಜ್ಯ ಸರ್ಕಾರದ ಕಂಪನಿ. ಕನ್ನಡದ ಪತ್ರಿಕೆಗಳು ಬಹುಕಾಲ ಅದರ ನ್ಯೂಸ್‌ಪ್ರಿಂಟ್ ಮೇಲೆ ಅಚ್ಚಾದವು. ಅಲ್ಲಿ ಉತ್ಪಾದನೆ ನಿಂತು ವರ್ಷಗಳೇ ಕಳೆದವು. ಒಂದರ ಬೀಗದ ಕೈ ದೆಹಲಿಯಲ್ಲಿ, ಇನ್ನೊಂದರದು ಬೆಂಗಳೂರಿನಲ್ಲಿ. ಭದ್ರಾವತಿಯ ನಗರಸಭೆ ಈ ಎರಡು ತೀರ್ಮಾನಗಳ ಬಗ್ಗೆ ಅಭಿಪ್ರಾಯ ಕೊಡಬಹುದಿತ್ತು ಅಷ್ಟೆ. ಆ ಅಭಿಪ್ರಾಯ ಕೇಳಬೇಕೆಂದು ಯಾವ ಕಾನೂನಿನಲ್ಲೂ ಇಲ್ಲ. ಕ್ವಾರ್ಟರ್ಸಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿದಾಗ ಊರಿಗೆ ನಷ್ಟವಾಯಿತು, ತೀರ್ಮಾನ ಮಾಡಿದವರ ಊರಿಗೆ ಏನೂ ಆಗಲಿಲ್ಲ.

ಹಾಗಾದರೆ ಒಡೆತನ ಊರಿನ ಕೈಯಲ್ಲೇ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತೆ? ಇಲ್ಲಿ ನೌರುವಿನ ಕಥೆ ಕೇಳಬೇಕು, ಏಕೆಂದರೆ ಅದು ಭದ್ರಾವತಿಯ ಕಥೆಯ ಇನ್ನೊಂದು ಮಗ್ಗುಲು. ಆ ದ್ವೀಪವಿಡೀ ರಂಜಕದ ಗಣಿ, ಗೊಬ್ಬರಕ್ಕೆ ಬೇಕಾದ ಫಾಸ್ಫೇಟ್. ಇಪ್ಪತ್ತನೆಯ ಶತಮಾನದ ಆರಂಭದಿಂದ ಹೊರಗಿನವರು ಅಗೆದು ಸಾಗಿಸಿದರು. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಸೇರಿ ಅದರ ಯಜಮಾನರಾಗಿದ್ದವು. 1968ರ ಜನವರಿ 31ರಂದು ಸ್ವಾತಂತ್ರ್ಯ ಬಂತು. ಮೊದಲ ಅಧ್ಯಕ್ಷ ಹ್ಯಾಮರ್ ಡಿರಾಬರ್ಟ್ ಗಣಿಯನ್ನೂ ದೇಶದ ಕೈಗೆ ತಂದರು. ಆ ಪುಟ್ಟ ದೇಶ ತಲಾ ಆದಾಯದಲ್ಲಿ ಜಗತ್ತಿನ ಶ್ರೀಮಂತರ ಸಾಲಿಗೆ ಸೇರಿತು. ಗಣಿ ಒಂದು ದಿನ ಬರಿದಾಗುತ್ತದೆಂದು ತಿಳಿದೇ ನಿಧಿಯೊಂದನ್ನು ಕಟ್ಟಿದರು. ಮೆಲ್ಬೋರ್ನ್‌ನಲ್ಲಿ ಗಗನಚುಂಬಿ ಕಟ್ಟಡ ಕಟ್ಟಿಸಿದರು. 1993ರಲ್ಲಿ ಲಂಡನ್ನಿನಲ್ಲಿ ಸೋತುಹೋದ ಸಂಗೀತ ನಾಟಕವೊಂದಕ್ಕೂ ಆ ದೇಶದ ಹಣ ಹೋಯಿತು. ರಂಜಕ ಮುಗಿಯುವ ಹೊತ್ತಿಗೆ ನಿಧಿಯೂ ಕರಗಿತ್ತು. 2001ರಿಂದ ಆಸ್ಟ್ರೇಲಿಯಾ ತನ್ನ ಕಡೆಗೆ ಬರುವ ನಿರಾಶ್ರಿತರನ್ನು ಕೂಡಿಹಾಕುವ ಶಿಬಿರವನ್ನು ಅಲ್ಲಿ ತೆರೆಯಿತು, ಅದರ ಬಾಡಿಗೆ ಬೊಕ್ಕಸದ ಆಸರೆಯಾಯಿತು.

ಸಂಸತ್ತು ಇತ್ತಲ್ಲ, ಅದೇನು ಮಾಡುತ್ತಿತ್ತು? ಅದು ಅಧ್ಯಕ್ಷರನ್ನು ಇಳಿಸುವುದರಲ್ಲಿ, ಏರಿಸುವುದರಲ್ಲಿ ಮುಳುಗಿತ್ತು. ಹದಿನೆಂಟು ಸದಸ್ಯರ ಸದನದಲ್ಲಿ ಒಬ್ಬ ಆಚೆಗೆ ಹೋದರೆ ಸರ್ಕಾರ ಬೀಳುತ್ತದೆ. ಅವಿಶ್ವಾಸ ಮತ ಅಲ್ಲಿ ಋತುಮಾನದಂತೆ ಬರುತ್ತಿತ್ತು. 2010ರಲ್ಲಿ ಒಂಬತ್ತು ಒಂಬತ್ತು ಸಮವಾಗಿ ಸಿಕ್ಕಿಬಿದ್ದು, ಎರಡು ಚುನಾವಣೆ ನಡೆಸಿ, ಏಪ್ರಿಲ್‌ನಲ್ಲಿ ಬಿದ್ದ ಗಂಟು ನವೆಂಬರಿನಲ್ಲಿ ಬಿಚ್ಚಿತು. ಆ ಮೇಲೆ 2013ರಲ್ಲಿ ಸದಸ್ಯರ ಸಂಖ್ಯೆಯನ್ನು 19ಕ್ಕೆ ಏರಿಸಿದರು. ಒಡೆತನ ಸಿಕ್ಕಿತು, ಲೆಕ್ಕ ಕೇಳುವ ಅಭ್ಯಾಸ ಬೆಳೆಯಲಿಲ್ಲ. ನೌರು ಕೆಟ್ಟದ್ದು ಅಲ್ಲಿ.

ತುವಾಲುವಿನಲ್ಲಿ ಗಣಿಯಿಲ್ಲ, ಕಾರ್ಖಾನೆಯಿಲ್ಲ, ಸಮುದ್ರ ಏರುತ್ತಿರುವ ಭಯವೊಂದಿದೆ. 1987ರಲ್ಲಿ ಆ ದೇಶ ಸ್ನೇಹಿತ ದೇಶಗಳ ನೆರವಿನಿಂದ ಒಂದು ನಿಧಿ ಕಟ್ಟಿತು. ಅದರ ಆಡಳಿತ ಮಂಡಳಿಯಲ್ಲಿ ಹಣ ಕೊಟ್ಟವರೂ ಕೂರುತ್ತಾರೆ, ಅಸಲನ್ನು ಮುಟ್ಟುವಂತಿಲ್ಲ. ಆ ನಿಧಿ ಇನ್ನೂ ಬದುಕಿದೆ. ಇದಕ್ಕಿಂತ ನನ್ನ ಗಮನ ಸೆಳೆದದ್ದು ಅಲ್ಲಿನ ದ್ವೀಪ ಸಭೆಗಳು. ಫಲೆಕೌಪುಲೆ ಎಂದರೆ ಊರ ಹಿರಿಯರ ಹಳೆಯ ಸಭೆ. 1997ರ ಕಾನೂನು ಅದಕ್ಕೆ ಅಧಿಕೃತ ಸ್ಥಾನ ಕೊಟ್ಟು, ಆರಿಸಿಬಂದ ಸಣ್ಣ ಆಡಳಿತ ಮಂಡಳಿಯೊಂದು ಅದಕ್ಕೆ ಲೆಕ್ಕ ಒಪ್ಪಿಸುವ ಏರ್ಪಾಟು ಮಾಡಿತು. ಕೆಲವೇ ನೂರು ಜನರಿರುವ ದ್ವೀಪಕ್ಕೂ ಆ ಸಭೆ ಉಂಟು. 2024ರ ಜನವರಿಯ ಚುನಾವಣೆಯಲ್ಲಿ ಅಲ್ಲಿನ ಪ್ರಧಾನಿಯೇ ತಮ್ಮ ಕ್ಷೇತ್ರದಲ್ಲಿ ಸೋತರು. ಗದ್ದಲವಿಲ್ಲದೆ ಮುಂದಿನ ತಿಂಗಳು ಹೊಸಬರು ಅವಿರೋಧವಾಗಿ ಆಯ್ಕೆಯಾದರು.

ಅದೇ ಜನವರಿಯಲ್ಲಿ ಶಿವಮೊಗ್ಗದ ಹಳೆಯ ಜೈಲಿನ ಬಯಲಾದ ಫ್ರೀಡಂ ಪಾರ್ಕಿನಲ್ಲಿ ರಾಜ್ಯ ಸರ್ಕಾರ ಯುವನಿಧಿ ಯೋಜನೆಯನ್ನು ಉದ್ಘಾಟಿಸಿತು. ನಗರದ ಪಾಲಿಕೆಗೆ ಆ ಹೊತ್ತಿಗೆ ಚುನಾಯಿತ ಸದಸ್ಯರಿಲ್ಲದೆ ಎರಡು ತಿಂಗಳು ತುಂಬುತ್ತಿತ್ತು. ಇದು ಒಂದು ಪಕ್ಷದ ದೋಷವಲ್ಲ. ಭದ್ರಾವತಿ ನಗರಸಭೆಗೆ 2013ರ ಮಾರ್ಚಿನಲ್ಲಿ ಮತದಾನವಾಗಿ, ಮುಂದಿನ ಮತದಾನ ನಡೆದದ್ದು 2021ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ರಾಜ್ಯದಲ್ಲಿ ಎಲ್ಲ ಪಕ್ಷಗಳ ಸರ್ಕಾರಗಳೂ ಬಂದು ಹೋಗಿದ್ದವು. ಜಿಲ್ಲಾ ಪಂಚಾಯಿತಿಯ ಕಥೆ ಇನ್ನೂ ಕೆಟ್ಟದ್ದು: 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ರಾಜ್ಯದ ಯಾವ ಜಿಲ್ಲೆಗೂ ಚುನಾವಣೆ ಆಗದೆ ವರ್ಷಗಳು ಉರುಳಿದವು. ದೇಶಕ್ಕೇ ಮಾದರಿಯಾಗಿ 1983ರ ಕಾನೂನು ತಂದು, 1987ರಲ್ಲಿ ಜಿಲ್ಲಾ ಪರಿಷತ್ತುಗಳನ್ನು ಕಟ್ಟಿದ ರಾಜ್ಯ ಇದು. ಆ ಕೆಲಸದ ಹಿಂದಿದ್ದ ಅಬ್ದುಲ್ ನಜೀರ್ ಸಾಬರನ್ನು ಜನ ಪ್ರೀತಿಯಿಂದ ನೀರ್ ಸಾಬ್ ಎಂದರು. ಅವರ ರಾಜ್ಯದಲ್ಲಿ ಈಗ ವಾರ್ಡು ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ಹೇಳಿ ವರ್ಷಗಟ್ಟಲೆ ದೂಡುವುದು ರೂಢಿಯಾಗಿದೆ.

ಪಾಲಿಕೆ ಇದ್ದಾಗ ಏನು ಸಾಧಿಸಿತು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2018ರ ಚುನಾವಣೆಯಲ್ಲಿ 35ರಲ್ಲಿ 20 ಸ್ಥಾನ ಬಿಜೆಪಿ ಪಡೆದಿತ್ತು, ಬಹುಮತಕ್ಕೆ ಕೊರತೆಯಿರಲಿಲ್ಲ. ಆದರೆ ಮೇಯರ್ ಪದವಿ ಒಂದೇ ವರ್ಷದ್ದು. ಕಡತದ ಹಾದಿ ತಿಳಿಯುವಷ್ಟರಲ್ಲಿ ಕುರ್ಚಿ ಬಿಡಬೇಕು. ಹಣವೂ ಕೆಲಸವೂ ಬೇರೆಡೆ ಇತ್ತು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗ ರಸ್ತೆ, ನದಿದಂಡೆ, ನೆಲದಡಿಯ ಕೇಬಲ್ಲುಗಳ ಹಣ ಹೋದದ್ದು ಕಂಪನಿ ಕಾಯ್ದೆಯಡಿ ರಚಿಸಿದ ಪ್ರತ್ಯೇಕ ಸಂಸ್ಥೆಗೆ. ಬಡಾವಣೆ ನಗರಾಭಿವೃದ್ಧಿ ಪ್ರಾಧಿಕಾರವಾದ ಸೂಡಾದ್ದು, ನೀರಿನ ಕೊಳವೆ ಮಂಡಳಿಯದು, ಕರೆಂಟು ಮೆಸ್ಕಾಂನದು. 2022ರ ಫೆಬ್ರುವರಿಯಲ್ಲಿ ಕೊಲೆಯೊಂದರ ಬೆನ್ನಿಗೇ ಗಲಭೆ ಎದ್ದಾಗ, 2023ರ ಅಕ್ಟೋಬರಿನಲ್ಲಿ ರಾಗಿಗುಡ್ಡದಲ್ಲಿ ಕಲ್ಲು ತೂರಾಟವಾದಾಗ ಎರಡೂ ಸಲ ಪಾಲಿಕೆಯ ಪರಿಷತ್ತು ಜೀವಂತವಿತ್ತು. ಬೀದಿಬೀದಿಯ ಮುಖ ಬಲ್ಲ 35 ಮಂದಿ ಒಟ್ಟಾಗಿ ಊರಿನ ನಡುವೆ ನಿಲ್ಲಬೇಕಿತ್ತು, ನಿಂತವರು ಪೊಲೀಸರು. ಇದು ಪರಿಷತ್ತಿನ ಸೋಲು, ಒಪ್ಪಲೇಬೇಕು.

ಇಷ್ಟಾದರೂ ಪರಿಷತ್ತು ಬೇಕು ಎನ್ನುತ್ತೇನೆ. ಯಡಿಯೂರಪ್ಪನವರು ಮುಖ್ಯಮಂತ್ರಿಯಾಗುವುದಕ್ಕೆ ಮೂವತ್ತು ವರ್ಷ ಮುಂಚೆ ಶಿಕಾರಿಪುರ ಪುರಸಭೆಯ ಸದಸ್ಯರಾಗಿ, ಅಧ್ಯಕ್ಷರಾಗಿ ಚರಂಡಿ, ದೀಪಗಳ ಲೆಕ್ಕ ನೋಡಿದವರು. 2023ರಲ್ಲಿ ಶಿವಮೊಗ್ಗದ ಶಾಸಕರಾದ ಎಸ್.ಎನ್. ಚನ್ನಬಸಪ್ಪ ಅದಕ್ಕೆ ಮೊದಲು ಇದೇ ಪಾಲಿಕೆಯ ಉಪಮೇಯರ್. ರಾಜಕೀಯದ ಸಸಿಮಡಿ ಇರುವುದು ಅಲ್ಲಿ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಿರುವ ಸಭೆಯೂ ಅದು. ವಿಧಾನಸಭೆಯಲ್ಲಿ ಅಂಥ ಮೀಸಲು ಇನ್ನೂ ಜಾರಿಗೆ ಬಂದಿಲ್ಲ. ಪಾಲಿಕೆ ಬರಿದಾದರೆ ಮನೆ ಬಾಗಿಲಿಗೆ ಬಂದು ನಿಲ್ಲುವ ಆ ಹೆಣ್ಣುಮಕ್ಕಳ ಅಧಿಕಾರವೂ ಹೋಗುತ್ತದೆ. ಆಡಳಿತಾಧಿಕಾರಿ ಎಷ್ಟೇ ದಕ್ಷರಿರಲಿ, ಅವರು ಮೇಲಿನವರಿಗೆ ಉತ್ತರ ಕೊಡುವವರು. ಮಳೆಗಾಲದಲ್ಲಿ ತುಂಗೆ ಉಕ್ಕಿ ತಗ್ಗಿನ ಮನೆಗಳಿಗೆ ನೀರು ನುಗ್ಗಿದಾಗ ನಡುರಾತ್ರಿ ಬಾಗಿಲು ಬಡಿಯಲು ಒಂದು ಮನೆ ಬೇಕು. ಬೈಯಲಿಕ್ಕಾದರೂ ಒಂದು ಮುಖ ಬೇಕು.

ಎರಡು ಊರುಗಳು ಈಗ ಒಂದಾಗುತ್ತಿವೆ ಎಂಬುದೂ ನೆನಪಿರಲಿ. ಸೂಡಾದ ಪೂರ್ತಿ ಹೆಸರೇ ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ. ನಿದಿಗೆ, ಮಾಚೇನಹಳ್ಳಿಯ ಕಾರ್ಖಾನೆ ಶೆಡ್ಡುಗಳು ನಡುವಿನ ಬಯಲನ್ನು ತುಂಬಿವೆ. 2023ರ ಫೆಬ್ರುವರಿ 27ರಂದು ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ತೆರೆಯಿತು. ಜೋಡಿನಗರದ ನಕ್ಷೆ ಬರೆಯುವವರಲ್ಲಿ ಹೆಚ್ಚಿನವರು ನೇಮಕಗೊಂಡವರು, ಆರಿಸಿಬಂದವರಲ್ಲ. ಎರಡೂ ಊರಿನ ಆಯ್ಕೆಯಾದ ಸದಸ್ಯರು ಒಂದೆಡೆ ಕೂತು ಈ ನಕ್ಷೆಯ ಮೇಲೆ, ಮುಚ್ಚಿದ ಕಾರ್ಖಾನೆಗಳ ಜಾಗದ ಮೇಲೆ ಮಾತಾಡುವ ಏರ್ಪಾಟು ಬೇಕು. ತುಂಗೆ ಭದ್ರೆಗಳು ಕೂಡ್ಲಿಯಲ್ಲಿ ಸೇರುವ ಮೊದಲು ಎರಡೂ ಊರಿನ ಚರಂಡಿ ನೀರು ಅವುಗಳಿಗೆ ಸೇರುತ್ತಿದೆ. ಅದರ ಜವಾಬ್ದಾರಿಯನ್ನಾದರೂ ಒಟ್ಟಾಗಿ ಹೊರಬೇಕಲ್ಲ.

ಕಾನೂನಿನಲ್ಲಿ ಗೊಂದಲವಿಲ್ಲ. 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 243-ಯು ವಿಧಿ ಹೇಳುವುದು ಇಷ್ಟು: ನಗರ ಸಂಸ್ಥೆಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಅವಧಿ ಮುಗಿಯುವ ಮುಂಚೆ ಚುನಾವಣೆ ಮುಗಿದಿರಬೇಕು. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಚಿತಪಡಿಸಿತು.

ಓದುಗರಲ್ಲಿ ಒಂದೇ ವಿನಂತಿ. ಏಪ್ರಿಲ್ ತಿಂಗಳಲ್ಲಿ ಮನೆ ಕಂದಾಯ ಕಟ್ಟಿದರೆ ಶೇಕಡಾ ಐದು ರಿಯಾಯಿತಿ ಸಿಗುತ್ತದೆಂದು ನಾವೆಲ್ಲ ಸಾಲಿನಲ್ಲಿ ನಿಲ್ಲುತ್ತೇವೆ. ಈ ಸಲ ಕಂದಾಯ ಕಟ್ಟಿ ರಸೀದಿ ಪಡೆಯುವಾಗ ಜೊತೆಗೆ ಒಂದು ಅರ್ಜಿಯನ್ನೂ ಕೊಡಿ: ನಮ್ಮ ವಾರ್ಡಿನ ಚುನಾವಣೆ ಯಾವ ದಿನಾಂಕಕ್ಕೆ? ಅರ್ಜಿಗೆ ಸ್ವೀಕೃತಿ ಕೇಳಿ ಪಡೆಯಿರಿ, ಉತ್ತರ ಬರುವವರೆಗೆ ಅದನ್ನು ರಸೀದಿಯ ಜೊತೆಗೇ ಇಟ್ಟುಕೊಳ್ಳಿ.